ಹಳೇ ಕಂಪ್ಯೂಟರನ್ನು ಮನೆಯ ರೂಟರ್ ಮಾಡಬಹುದಾ?

ಪ್ರಶ್ನೆ: ಶರಣ್ರಿ ಸರ್. ಕಲಬುರಗಿ ಸೇಡಂ ರಸ್ತೆಯಲ್ಲಿ ನಮ್ಮ ಮನೆ. ಮಗ ಡಿಪ್ಲೊಮಾ ಓದುವಾಗ ತಂದ ಕೋರ್ 2 ಡುಯೊ ಡೆಸ್ಕ್‌ಟಾಪ್ ಅಟ್ಟ ಸೇರಿದೆ. 2 ಜಿಬಿ ರ‍್ಯಾಮ್. ಮನೆಗೆ 50 ಎಂಬಿಪಿಎಸ್ ಫೈಬರ್ ಇದೆ. ಆದರೂ ಯಾರಾದರೂ ಮದುವೆ ವಿಡಿಯೊ ಕಳಿಸೋಕೆ ಕೂತರೆ ಸಾಕು, ಆನ್‌ಲೈನ್ ಕ್ಲಾಸಿನಲ್ಲಿ ಮಗಳ ಮಾತು ಮೇಷ್ಟ್ರಿಗೆ ತುಂಡು ತುಂಡಾಗಿ ಕೇಳುತ್ತದೆ. ಆ ಕಂಪ್ಯೂಟರನ್ನೇ ರೂಟರ್ ಮಾಡಿದರೆ ಸರಿ ಹೋಗುತ್ತದಾ?

ಉತ್ತರ: ಶರಣು ಅಕ್ಕಾ. ಹೋಗುತ್ತದೆ. ವಿಡಿಯೊ ಮನೆಯಿಂದ ಹೊರಗೆ ಹೋಗುವಾಗ, ಅಂದರೆ ಅಪ್‌ಲೋಡ್ ಆಗುವಾಗ, ಅದರ ಡೇಟಾ ರೂಟರ್‌ನಲ್ಲಿ ರಾಶಿ ಬೀಳುತ್ತದೆ. ಮಗಳ ಮಾತು ಆ ರಾಶಿಯ ಹಿಂದೆ ಕಾಯುತ್ತಾ ನಿಲ್ಲುತ್ತದೆ. ಪ್ಲಾನ್ ದೊಡ್ಡದು ಮಾಡಿಸಿದರೂ ಈ ತೊಂದರೆ ಪೂರ್ತಿ ಹೋಗುವುದಿಲ್ಲ.

ಓಪನ್‌ಡಬ್ಲ್ಯುಆರ್‌ಟಿ ಅನ್ನುವ, ಕಂಪ್ಯೂಟರನ್ನು ರೂಟರ್ ಮಾಡುವ ಉಚಿತ ಸಾಫ್ಟ್‌ವೇರ್ ಹಾಕಿ. ನಿಮ್ಮ ಮಷೀನಿಗೆ ಅದು ಹೂವಿನ ಭಾರ. ಅದರಲ್ಲಿ ಎಸ್‌ಕ್ಯೂಎಂ (ಡೇಟಾದ ಸಾಲನ್ನು ಹದವಾಗಿ ನಡೆಸುವ) ಪ್ಯಾಕೇಜ್ ಸೇರಿಸಿ, ಸ್ಪೀಡನ್ನು ನಿಜವಾಗಿ ಬರುವುದಕ್ಕಿಂತ ಸ್ವಲ್ಪ ಕಡಿಮೆ ಕೊಡಿ. 50 ಬರುತ್ತಿದ್ದರೆ 45. ಆಗ ರಾಶಿ ಬೀಳುವುದೇ ಇಲ್ಲ, ಮಗಳ ಮಾತಿನಂಥ ಸಣ್ಣ ಪ್ಯಾಕೆಟ್ಟುಗಳಿಗೆ (ಡೇಟಾದ ತುಣುಕುಗಳಿಗೆ) ಮೊದಲು ದಾರಿ ಸಿಗುತ್ತದೆ. ನಾನು ಹಾಕಿಕೊಟ್ಟ ಮನೆಗಳಲ್ಲಿ ಜನ ಮೊದಲು ಗುರುತಿಸಿದ್ದು ಇದನ್ನೇ.

ಬೇಕಾಗುವುದು ಇನ್ನೊಂದು ಲ್ಯಾನ್ ಕಾರ್ಡ್, ಅಂದರೆ ನೆಟ್ ಕೇಬಲ್ ಚುಚ್ಚುವ ಕಾರ್ಡ್. ಒಂದು ಪೋರ್ಟ್ ಫೈಬರ್ ಡಬ್ಬಿಗೆ, ಇನ್ನೊಂದು ಮನೆಗೆ. ನಮ್ಮೂರ ಸೂಪರ್ ಮಾರ್ಕೆಟ್ ಪ್ರದೇಶದ ರಿಪೇರಿ ಅಂಗಡಿಗಳಲ್ಲಿ ಕೇಳಿ ನೋಡಿ, ಹಳೆಯದು ಸಿಕ್ಕರೂ ಸಾಕು. ಇಂಟೆಲ್ ಚಿಪ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಹಾರ್ಡ್ ಡಿಸ್ಕ್ ಬಿಚ್ಚಿಡಿ, ಒಳ್ಳೆ ಪೆನ್ ಡ್ರೈವ್‌ನಿಂದಲೇ ನಡೆಯುತ್ತದೆ.

ಪ್ರಶ್ನೆ: ದಿನಪೂರ್ತಿ ಹಚ್ಚಿಟ್ಟರೆ ಕರೆಂಟ್ ಬಿಲ್ ಸರ್?

ಉತ್ತರ: ಇದನ್ನು ನೀವು ಕೇಳದಿದ್ದರೆ ನಾನೇ ಹೇಳುತ್ತಿದ್ದೆ. ಆ ಕಾಲದ ಡೆಸ್ಕ್‌ಟಾಪ್ ಸುಮ್ನೆ ಕೂತಿದ್ದರೂ 70 ವ್ಯಾಟ್ ಹತ್ತಿರ ಎಳೆಯುತ್ತದೆ. 24 ತಾಸಿನಂತೆ ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿಯಲ್ಲಿದ್ದರೆ ನಿಮಗೆ ಗೊತ್ತು ಮಾಡಿದ ಉಚಿತ ಮಿತಿಗಿಂತ ಜಾಸ್ತಿಯಾದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ಒಟ್ಟು 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಅದಕ್ಕೇ ನನ್ನ ಸಲಹೆ: ಸ್ಕ್ರೀನ್ ಒಡೆದ ಲ್ಯಾಪ್‌ಟಾಪ್ ಏನಾದರೂ ಇದ್ದರೆ ಅದನ್ನೇ ಬಳಸಿ. 15-20 ವ್ಯಾಟ್, ತಿಂಗಳಿಗೆ 11ರಿಂದ 14 ಯೂನಿಟ್. ಎರಡನೇ ಪೋರ್ಟಿಗೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿದರಾಯಿತು.

ಡೆಸ್ಕ್‌ಟಾಪೇ ಅಂತಾದರೆ ಮೊದಲು ಧೂಳು ತೆಗೆಯಿರಿ. ಹೋದ ಬೇಸಿಗೆಯಲ್ಲಿ ದಾಲ್ ಮಿಲ್ ಹತ್ತಿರದ ಒಂದು ಮನೆಯಲ್ಲಿ ಇಂಥದೇ ಮಷೀನ್ ಮಧ್ಯಾಹ್ನ ಎರಡಕ್ಕೆ ತಾನೇ ಆರಿಹೋಗುತ್ತಿತ್ತು. ಬಿಚ್ಚಿದೆ. ಪ್ರೊಸೆಸರ್ ಮೇಲಿನ ಹೀಟ್ ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ತುಂಬ ತೊಗರಿ ಹೊಟ್ಟಿನ ಧೂಳು, ಕಂಬಳಿ ಥರ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಎತ್ತಿದರೆ ಒಂದೇ ತುಂಡಾಗಿ ಬಂತು. ನಮ್ಮ 42 ಡಿಗ್ರಿ ಬಿಸಿಲಿಗೆ ಅದು ಹೇಗೆ ತಡೆಯಬೇಕು? ಬ್ರಷ್ ಹಾಕಿ, ಹೊಸ ಥರ್ಮಲ್ ಪೇಸ್ಟ್ ಹಚ್ಚಿ, ಫರ್ಸಿ ನೆಲದಿಂದ ಎತ್ತಿ ಸ್ಟೂಲ್ ಮೇಲಿಟ್ಟೆವು. ಆಮೇಲೆ ಆರಲಿಲ್ಲ.

ಕರೆಂಟ್ ಹೋಗಿ ಬಂದರೆ ತಾನೇ ಶುರುವಾಗುವಂತೆ ಬಯಾಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪುಟದಲ್ಲಿ) ಸೆಟ್ ಮಾಡುವುದನ್ನೂ ಮರೆಯಬೇಡಿ. ಮದರ್‌ಬೋರ್ಡಿನ ಸಿಆರ್ 2032 ಸೆಲ್ ಸತ್ತಿದ್ದರೆ ಆ ಸೆಟ್ಟಿಂಗ್ ಉಳಿಯುವುದಿಲ್ಲ, ಬದಲಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಅಣ್ಣಾ, ನಾನು ಯಾದಗಿರಿಯಲ್ಲಿ ಹೀಗೇ ಮಾಡಿದೆ. ಇಂಟರ್ನೆಟ್ಟೂ ಬರುತ್ತಿಲ್ಲ, ವೈಫೈನೂ ಇಲ್ಲ.

ಉತ್ತರ: ತಮ್ಮಾ, ಫೈಬರ್ ಡಬ್ಬಿಯ ಅಡ್ರೆಸ್ಸೂ 192.168.1.1 ಇರಬೇಕು ನೋಡು. ಓಪನ್‌ಡಬ್ಲ್ಯುಆರ್‌ಟಿಯದ್ದೂ ಮೊದಲಿಗೆ ಅದೇ. ಒಂದೇ ಮನೆ ನಂಬರ್ ಎರಡು ಮನೆಗಿದ್ದರೆ ಅಂಚೆ ಎಲ್ಲಿಗೆ ಹೋಗಬೇಕು? ನಿನ್ನದನ್ನು 192.168.10.1 ಮಾಡು. ಕೇಬಲ್ ಅದಲುಬದಲಾಗಿದೆಯಾ ಅಂತಲೂ ನೋಡು, ಮೊದಲ ಪೋರ್ಟ್ ಮನೆ ಕಡೆಗೆ, ಎರಡನೆಯದು ಹೊರಗಿನ ಲೈನಿಗೆ. ಓಪನ್‌ಡಬ್ಲ್ಯುಆರ್‌ಟಿಯ ಪಾಸ್‌ವರ್ಡ್ ಮೊದಲಿಗೆ ಖಾಲಿ ಇರುತ್ತದೆ, ಅದನ್ನು ಈಗಲೇ ಇಡು. ವೈಫೈಗೆ ಹಳೇ ರೂಟರ್ ಸಾಕು. ಅದರ ಡಿಎಚ್‌ಸಿಪಿ (ತಾನೇ ಅಡ್ರೆಸ್ ಹಂಚುವ ಸೌಲಭ್ಯ) ಆಫ್ ಮಾಡಿ, ಅಡ್ರೆಸ್ 192.168.10.2 ಕೊಟ್ಟು, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೇ ಚುಚ್ಚು.

ಪ್ರಶ್ನೆ: ಸರ್, ನಮ್ಮವರ ಹಳೇ ಲ್ಯಾಪ್‌ಟಾಪ್ ಸಿಕ್ಕಿತು. ಸ್ಕ್ರೀನ್ ಇಲ್ಲ, ಆನ್ ಆಗುತ್ತದೆ. ಬ್ಯಾಟರಿ ಸ್ವಲ್ಪ ಉಬ್ಬಿದೆ.

ಉತ್ತರ: ಮೊದಲು ಚಾರ್ಜರ್ ತೆಗೆಯಿರಿ ಅಕ್ಕಾ. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ. ಅಂಗಡಿಯಲ್ಲಿ ಬಿಚ್ಚಿಸಿ ಅಲ್ಲೇ ಕೊಟ್ಟುಬಿಡಿ. ಬಹಳಷ್ಟು ಲ್ಯಾಪ್‌ಟಾಪ್ ಬ್ಯಾಟರಿ ಇಲ್ಲದೆ ಚಾರ್ಜರ್ ಮೇಲೇ ನಡೆಯುತ್ತವೆ. ನಡೆದರೆ ಮಾಡೆಲ್ ನಂಬರ್ ಫೋಟೊ ಹಾಕಿ, ಓಪನ್‌ಡಬ್ಲ್ಯುಆರ್‌ಟಿಯ ಯಾವ ಇಮೇಜ್ (ಇನ್‌ಸ್ಟಾಲ್ ಫೈಲ್) ಇಳಿಸಿಕೊಳ್ಳಬೇಕು ಹೇಳುತ್ತೇನೆ.