ಕರಡದ ನಾರು ಬೆಳ್ಳಗಾಗುತ್ತಿಲ್ಲ, ಕಾಸ್ಟಿಕ್ ಹೆಚ್ಚಿಸಲೇ?

ಬೇಣದಂಚು, ಹೊಸನಗರ
ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ನಮ್ಮ ಬೇಣದ (ಹುಲ್ಲುಗಾವಲಿನ) ಕರಡದ ಹುಲ್ಲಿನಿಂದ ಸೆಲ್ಯುಲೋಸ್ (ಸಸ್ಯದ ನಾರಿನ ಮುಖ್ಯ ವಸ್ತು) ತೆಗೆಯುತ್ತಿದ್ದೇನೆ. ಹುಲ್ಲನ್ನು ಒಣಗಿಸಿ ಪುಡಿ ಮಾಡಿ, ಟಾಲುಯೀನ್-ಎಥನಾಲ್‌ನಲ್ಲಿ ಮೇಣ ಕಳೆದು, ಶೇ. 5ರ ಕಾಸ್ಟಿಕ್ ಸೋಡಾದಲ್ಲಿ 80 ಡಿಗ್ರಿಗೆ ಎರಡು ಗಂಟೆ ಕಾಯಿಸಿದೆ. ಸೋಸಿದಾಗ ಇಳಿದ ನೀರು ಕಷಾಯದಂತಿತ್ತು. ಸೋಡಿಯಂ ಕ್ಲೋರೈಟ್‌ನಲ್ಲಿ ಒಮ್ಮೆ ಬ್ಲೀಚ್ ಮಾಡಿದರೂ ನಾರು ಹಳದಿಯಾಗಿಯೇ ಇದೆ, ಅಲ್ಲಲ್ಲಿ ಕಂದು ಚುಕ್ಕೆ ಬೇರೆ. ಎಫ್‌ಟಿಐಆರ್‌ನಲ್ಲಿ (ಅವಕೆಂಪು ಕಿರಣದ ಪರೀಕ್ಷೆ) 1735ರ ಪೀಕ್ ಹೋಗಿದೆ, 1510ರದು ಉಳಿದಿದೆ. ಕಾಸ್ಟಿಕ್ ಅನ್ನು ಶೇ. 18ಕ್ಕೆ ಏರಿಸು ಎಂದು ಸೀನಿಯರ್ ಒಬ್ಬರ ಸಲಹೆ. ಏರಿಸಲೇ?

ಹಳೆಯ ತಿರುಳು, ಭದ್ರಾವತಿ
ಖಂಡಿತ ಬೇಡ. ಅಷ್ಟು ಗಟ್ಟಿ ಕಾಸ್ಟಿಕ್‌ನಲ್ಲಿ ನಾರು ಉಬ್ಬಿ, ಸೆಲ್ಯುಲೋಸ್ ಒಂದನೆಯ ರೂಪದಿಂದ ಎರಡನೆಯ ರೂಪಕ್ಕೆ ತಿರುಗುತ್ತದೆ. ತೊಳೆದರೆ ಹಿಂದಕ್ಕೆ ಬರುವುದಿಲ್ಲ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಪರೀಕ್ಷೆ) 12 ಮತ್ತು 20 ಡಿಗ್ರಿ ಕೋನದ ಹತ್ತಿರ ಪೀಕ್ ಕಂಡಾಗ ಪರೀಕ್ಷಕರಿಗೆ ಏನು ಹೇಳುತ್ತೀರಿ?

1510ರ ಪೀಕ್ ನಾರುಗಳನ್ನು ಅಂಟಿಸಿ ಹಿಡಿಯುವ ಲಿಗ್ನಿನ್‌ನದು, ಅದನ್ನು ಕೀಳಬೇಕಾದದ್ದು ಬ್ಲೀಚ್. ಒಂದೇ ಸಲಕ್ಕೆ ಸುರಿಯದೆ ಹಂತಹಂತವಾಗಿ ಮಾಡಿ: ಅಸಿಟಿಕ್ ಆಮ್ಲದಿಂದ ಪಿಎಚ್ 4ರ ಆಸುಪಾಸಿಗೆ ತಂದು, 70ರಿಂದ 80 ಡಿಗ್ರಿಯಲ್ಲಿ ಇಟ್ಟು, ತೊಳೆದು, ಮತ್ತೆ ಹೊಸ ದ್ರಾವಣ. ಫ್ಯೂಮ್ ಹುಡ್ ಇಲ್ಲದಿದ್ದರೆ ಮುಟ್ಟಲೇಬೇಡಿ. ಏಳುವ ಹಳದಿ-ಹಸಿರು ಅನಿಲ ಕ್ಲೋರಿನ್ ಡೈಆಕ್ಸೈಡ್.

ಇನ್ನೊಂದು. 1735 ಹೋಯಿತೆಂದ ಮಾತ್ರಕ್ಕೆ ಹೆಮಿಸೆಲ್ಯುಲೋಸ್ (ಸೆಲ್ಯುಲೋಸ್ ಜೊತೆಗಿರುವ ಇನ್ನೊಂದು ಸಕ್ಕರೆ ಸರಪಳಿ) ಪೂರ್ತಿ ಹೋಯಿತೆಂದು ಬರೆಯಬೇಡಿ. ಕಾಸ್ಟಿಕ್ ಮೊದಲು ಕಳಚುವುದು ಆ ಪೀಕ್ ಕೊಡುವ ಅದರ ಅಸಿಟೈಲ್ ಗುಂಪನ್ನು. ಉಳಿದ ಸರಪಳಿ ಹಾಗೆಯೇ ಕುಳಿತಿರಬಹುದು. ಪ್ರಬಂಧಗಳಲ್ಲಿ ಈ ಅವಸರ ನೋಡಿ ನೋಡಿ ಸಾಕಾಗಿದೆ.

ಕಂದು ಚುಕ್ಕೆ ಕಾಂಡದ ಗಂಟಿನದಿರಬೇಕು. ಒಂದನ್ನು ಉಗುರಿನಿಂದ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಬೆಂದಿಲ್ಲ ಎಂದರ್ಥ. ಬಿದಿರಿನ ತಿರುಳಿನಲ್ಲಿ ನಮಗೂ ಇದೇ ಗೋಳು. ಪುಡಿ ಮಾಡುವ ಮೊದಲು ಗಂಟುಗಳನ್ನು ಕತ್ತರಿಸಿ ತೆಗೆಯಿರಿ.

ಅರ್ಧ ರಸಾಯನ, ಸಾಗರ
ಕ್ಲೋರೈಟ್ ಬದಲು ಹೈಡ್ರೋಜನ್ ಪೆರಾಕ್ಸೈಡ್ ಆಗದೇ? ಸೋಡಿಯಂ ಸಿಲಿಕೇಟ್ ಸೇರಿಸಿದರೆ ಬೇಗ ಒಡೆಯದೆ ನಿಲ್ಲುತ್ತದಲ್ಲ.

ಹಳೆಯ ತಿರುಳು, ಭದ್ರಾವತಿ
ಪೆರಾಕ್ಸೈಡ್ ಆಗುತ್ತದೆ, ಪಿಎಚ್ 11ರ ಹತ್ತಿರ. ಆದರೆ ಬಣ್ಣ ಹೋದಷ್ಟು ಲಿಗ್ನಿನ್ ಹೋಗುವುದಿಲ್ಲ, 1510 ಹಾಗೆಯೇ ನಿಲ್ಲಬಹುದು. ಸಿಲಿಕೇಟ್ ಇಲ್ಲಿ ಬೇಡ. ಕರಡ ಕೊಯ್ಯುವಾಗ ಬೆರಳು ಸೀಳುವ ಅಂಚಿನಲ್ಲಿ ಇರುವುದೇ ಸಿಲಿಕಾ, ಮೇಲಿಂದ ನಾವು ಬೇರೆ ಸೇರಿಸುವುದೇ? ಎಕ್ಸ್‌ಆರ್‌ಡಿಯಲ್ಲಿ ಅಸ್ಫಟಿಕ (ಹರಳಾಗದ) ಸಿಲಿಕಾದ ಉಬ್ಬು 22 ಡಿಗ್ರಿಯ ಸುತ್ತ ಬರುತ್ತದೆ, ಸೆಲ್ಯುಲೋಸಿನ ದೊಡ್ಡ ಪೀಕ್ 22.6ರ ಹತ್ತಿರ. ಸೀಗಲ್‌ನ 1959ರ ಸೂತ್ರ ಆ ಎತ್ತರವನ್ನೇ ನಂಬಿರುವುದರಿಂದ ಸ್ಫಟಿಕತೆಯ (ಎಷ್ಟು ಪಾಲು ಹರಳು ಎಂಬ) ಲೆಕ್ಕ ಎಡವುತ್ತದೆ. ಸಿಲಿಕಾದ ಅಂದಾಜಿಗೆ 525 ಡಿಗ್ರಿಯಲ್ಲಿ ಸುಟ್ಟು ಬೂದಿ ತೂಗಿ, ಹಸಿ ಕರಡದ್ದೂ ಬ್ಲೀಚ್ ಆದ ನಾರಿನದ್ದೂ.

ಬೇಣದಂಚು, ಹೊಸನಗರ
ಹಸಿ ಎಂದರೆ ಒಣಗಿಸದೆಯೇ?

ಹಳೆಯ ತಿರುಳು, ಭದ್ರಾವತಿ
ಅಲ್ಲ, ಸಂಸ್ಕರಿಸದ್ದು. ಎರಡನ್ನೂ 105 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿಯೇ ಕ್ರೂಸಿಬಲ್‌ಗೆ ಹಾಕಿ.