ಅಪ್‌ಡೇಟ್: ನಮ್ಮೂರ ಯುವಕ ಮಂಡಲದ ಬೀಗ ತೆಗೆದಾಯ್ತು

ಉಡುಪಿ ಕಡೆಯ ನಮ್ಮೂರಲ್ಲಿ ಯುವಕ ಮಂಡಲದ ಕಟ್ಟಡಕ್ಕೆ ವರ್ಷಗಟ್ಟಲೆ ಬೀಗ ಬಿದ್ದಿದೆ, ಹಳೆ ಸಮಿತಿಯವರು ಅರ್ಧ ಜನ ಮುಂಬೈ, ಮಸ್ಕತ್ ಸೇರಿದ್ದಾರೆ, ಮತ್ತೆ ಶುರು ಮಾಡೋದು ಹೇಗೆ ಅಂತ ಕೇಳಿದ್ದೆನಲ್ಲ? ಈಗಿನ ಸ್ಥಿತಿ ಹೇಳುತ್ತೇನೆ.

ಮೊದಲು ಕಾಗದ ನೋಡಿ ಅಂದವರಿಗೆ ಥ್ಯಾಂಕ್ಸ್. ಪಂಚಾಯತ್‌ನಲ್ಲಿ ಇ-ಸ್ವತ್ತು ನಮೂನೆ 9 (ಆಸ್ತಿಯ ದಾಖಲೆ) ತೆಗೆಸಿದೆವು. ಜಾಗ ಮಂಡಲದ ಹೆಸರಲ್ಲೇ ಇದೆ, ಅದೇ ದೊಡ್ಡ ಸಮಾಧಾನ. ತಲೆನೋವು ನೋಂದಣಿಯದ್ದು. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಪ್ರತಿ ವರ್ಷ ಕೊಡಬೇಕು. ನಮ್ಮವರು ಕೊಟ್ಟೇ ಇರಲಿಲ್ಲ. ಈಗ ಮಹಾಸಭೆ ಕರೆದು ಹೊಸ ಸಮಿತಿ ಮಾಡಿದ್ದೇವೆ, ಬಾಕಿ ಲೆಕ್ಕ ಬರೆಸುತ್ತಿದ್ದೇವೆ.

ಒಳಗೆ ನೋಡಿದರೆ ಕೇರಂ ಬೋರ್ಡಿಗೆ ಗೆದ್ದಲು. ಮಾಡಿನ ಹಂಚು ಒಡೆದು ಮಳೆನೀರು ನೇರ ಕಪಾಟಿನ ಮೇಲೆ. ಕಬಡ್ಡಿ ಕಪ್‌ಗಳಲ್ಲಿ ಜೇಡರಬಲೆ, ಒಂದರಲ್ಲಿ ಯಾರದ್ದೋ ಬೀಡಿ ಕಟ್ಟು!

ನೆರೆಯವರು ಅಡ್ಡ ಬರುತ್ತಾರೆ ಅಂದುಕೊಂಡಿದ್ದೆವು. ಪಕ್ಕದ ಮನೆಯ ಅಮ್ಮ ಕೇಳಿದ್ದು ಒಂದೇ: "ಮೈಕ್ ರಾತ್ರಿ ಹತ್ತಕ್ಕೆ ಬಂದ್ ಮಾಡ್ತೀರಾ ಮಕ್ಳೇ?" ಅದು ಕಾನೂನೇ ಅಲ್ವಾ, ಒಪ್ಪಿದೆವು. ಮರುದಿನ ಅವರೇ ಕಸ ಗುಡಿಸೋಕೆ ಹಿಡಿಸೂಡಿ ಕಳಿಸಿದರು.

ಹೆಣ್ಣುಮಕ್ಕಳನ್ನೂ ಸದಸ್ಯರಾಗಿ ಸೇರಿಸುವ ವಿಷಯಕ್ಕೆ ಮಾತ್ರ ಇನ್ನೂ ಜಗಳ ನಡೀತಿದೆ. ಹಿರಿಯರೊಬ್ಬರು ಸುಮ್ನೆ ಹಠ ಹಿಡಿದಿದ್ದಾರೆ. ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುತ್ತೇವೆ.