ಮುಂದಿನ ಮನೆಯವರ ಜಾಗದಲ್ಲಿ ನಮ್ಮ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪ್ ಇದೆ, ಚೇಂಬರ್ (ಪೈಪ್ ಕ್ಲೀನ್ ಮಾಡುವ ಗುಂಡಿ) ತೆಗೆಯಲು ಬಿಡುತ್ತಿಲ್ಲ. ಏನು ಮಾಡಬೇಕು?

ಹಿಂಬದಿ ಸೈಟು:

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಬೆಂಗಳೂರಿನ ಉತ್ತರಹಳ್ಳಿ ಕಡೆ ಒಂದು ಹಳೇ ಮನೆ ಸಮೇತ ಸೈಟು ಕೊಂಡೆವು, ಈಗ ಅದರಲ್ಲೇ ಇದ್ದೇವೆ. ಮುಂದೆ ಅದನ್ನು ಕೆಡವಿ ಹೊಸದು ಕಟ್ಟುವ ಯೋಚನೆ ಇದೆ. ಮೊದಲು ಮುಂದಿನದು ಹಿಂದಿನದು ಎಲ್ಲ ಸೇರಿ ಒಂದೇ ಜಾಗ, ಒಬ್ಬರೇ ಯಜಮಾನರು. 2009ರಲ್ಲಿ ಅವರು ರಸ್ತೆ ಕಡೆಯ ಅರ್ಧ ಮಾರಿದರು, ಹಿಂದಿನದನ್ನು ಇಟ್ಟುಕೊಂಡರು. ಆ ಹಿಂದಿನ ಅರ್ಧ ಈಗ ನಮ್ಮದು.

ಓಡಾಡಲು ಹಿಂದುಗಡೆ ಹತ್ತು ಅಡಿ ಗಲ್ಲಿ ಇದೆ, ಅದರ ಬಗ್ಗೆ ಯಾರದೂ ತಕರಾರಿಲ್ಲ. ತೊಂದರೆ ಇರುವುದು ಪೈಪು, ವೈರುಗಳದ್ದು. ನಮ್ಮ ಯುಜಿಡಿ ಪೈಪು ಮತ್ತು ಕಾವೇರಿ ನೀರಿನ ಪೈಪು ಎರಡೂ ಮುಂದಿನ ಮನೆಯವರ ಕಾಂಪೌಂಡ್ ಒಳಗಿನ ನಾಲ್ಕು ಅಡಿ ಪ್ಯಾಸೇಜಿನಲ್ಲೇ ರಸ್ತೆಗೆ ಹೋಗುತ್ತವೆ. ಕರೆಂಟಿನ ಸರ್ವಿಸ್ ವೈರ್ ಅವರ ತಾರಸಿ ಮೇಲೆ ಹಾದು ಬರುತ್ತದೆ.

ಹೋದ ತಿಂಗಳು ಯುಜಿಡಿ ಕಟ್ಟಿಕೊಂಡಿತು. ಅವರ ಪ್ಯಾಸೇಜಿನ ಚೇಂಬರ್ ಮುಚ್ಚಳ ತೆಗೆದು ರಾಡ್ ಹಾಕಿದರೆ ಅರ್ಧ ಗಂಟೆ ಕೆಲಸ. ಅವರು ಗೇಟನ್ನೇ ತೆಗೆಯಲಿಲ್ಲ. ಮಾರನೇ ದಿನ ನೋಡಿದರೆ ಮುಚ್ಚಳದ ಮೇಲೆ ದೊಡ್ಡ ಸಿಮೆಂಟ್ ಕುಂಡ ಇಟ್ಟು ಮಣ್ಣು ತುಂಬಿದ್ದಾರೆ. ನಮ್ಮ ಬಚ್ಚಲಲ್ಲಿ ಗಲೀಜು ನೀರು ಮೇಲಕ್ಕೆ ಬರುತ್ತಿದೆ, ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ನಿಜವಾಗಿಯೂ ತುಂಬಾ ಕಷ್ಟ ಆಗುತ್ತಿದೆ.

ಅವರು ಹೇಳುವುದು ಇಷ್ಟು: "ಹಳೆಯವರಿಗೆ ಸುಮ್ನೆ ಬಿಟ್ಟಿದ್ದೆ, ನಿಮಗಲ್ಲ. ನಾನೂ ಇನ್ನೊಂದು ಫ್ಲೋರ್ ಕಟ್ಟಬೇಕು, ವೈರು ತೆಗೆಸಿ." ಜೊತೆಗೆ ಒಂದು ಸ್ಟಾಂಪ್ ಪೇಪರ್ ಟೈಪ್ ಮಾಡಿಸಿ ತಂದಿದ್ದಾರೆ. ಅವರ ಅನುಮತಿಯಿಂದ ತಾತ್ಕಾಲಿಕವಾಗಿ ಬಳಸುತ್ತಿದ್ದೇವೆ, ಕೇಳಿದ ಕೂಡಲೇ ಪೈಪ್ ತೆಗೆಯುತ್ತೇವೆ ಅಂತ ಅದರಲ್ಲಿ ಇದೆ. ಸಹಿ ಹಾಕಿದರೆ ಗೇಟ್ ತೆಗೆಯುತ್ತಾರಂತೆ. ಜಾಗ ಕೊಡಿಸಿದ ಬ್ರೋಕರ್ ಹಾಕಿಬಿಡಿ ಅನ್ನುತ್ತಿದ್ದಾರೆ. ಹಾಕಬಹುದಾ?

ಪ್ಲಂಬಿಂಗ್ ಕೆಲಸದವನು:

ಕಾನೂನು ತಿಳಿದವರು ಹೇಳಲಿ, ನಾನು ಪೈಪಿನ ವಿಷಯ ಹೇಳುತ್ತೇನೆ. ನೀವು ಮೂರನ್ನೂ ಒಂದೇ ಗಂಟು ಮಾಡಿ ಕೇಳುತ್ತಿದ್ದೀರಿ, ಅದಕ್ಕೇ ಅವರಿಗೂ ಸಿಟ್ಟು. ಬಿಡಿಸಿ ನೋಡಿ.

ನೀರಿನ ಪೈಪು ಎಲ್ಲಿಂದ ಬೇಕಾದರೂ ಬರುತ್ತದೆ. ಪ್ರೆಷರಿನಲ್ಲಿ ಬರುವ ನೀರು, ಸ್ವಲ್ಪ ಏರಿದ್ದರೂ ಸಂಪಿಗೆ ಬೀಳುತ್ತದೆ. ಗಲ್ಲಿಯಲ್ಲಿ ಜಲಮಂಡಳಿ ಲೈನ್ ಇದ್ದರೆ ಅಲ್ಲಿಂದಲೇ ಹೊಸ ಟ್ಯಾಪಿಂಗ್ ಕೇಳಿ, ಇಲ್ಲದಿದ್ದರೆ ಹತ್ತಿರದ ಲೈನಿನಿಂದ ಎಳೆಯಲು ಎಷ್ಟಾಗುತ್ತದೆ ಅಂತ ಎಸ್ಟಿಮೇಟ್ ಹಾಕಿಸಿ. ಕರೆಂಟೂ ಅಷ್ಟೇ, ಗಲ್ಲಿಯಲ್ಲಿ ಕಂಬ ಇದ್ದರೆ ಬೆಸ್ಕಾಂಗೆ ಸರ್ವಿಸ್ ಲೈನ್ ಬದಲಾಯಿಸಲು ಅರ್ಜಿ ಕೊಡಿ. ಹೇಗೂ ಹೊಸ ಮನೆಗೆ ಲೋಡ್ ಜಾಸ್ತಿ ಮಾಡಿಸಬೇಕು ಅಲ್ವಾ, ಆಗ ಯುಜಿ (ನೆಲದಡಿಯ) ಕೇಬಲ್ ಹಾಕಿಸಿದರೆ ಒಳ್ಳೆಯದು.

ಯುಜಿಡಿ ಮಾತ್ರ ಹಾಗಲ್ಲ. ಅದು ಇಳಿಜಾರಿನಲ್ಲೇ ಹೋಗಬೇಕು. ನಾಲ್ಕು ಇಂಚಿನ ಪೈಪಿಗೆ ನಾವು ಸಾಮಾನ್ಯವಾಗಿ 40 ಅಡಿಗೆ ಒಂದು ಅಡಿ ಇಳಿಸುತ್ತೇವೆ. ಗಲ್ಲಿ ನಿಮ್ಮ ಮನೆಗಿಂತ ಎತ್ತರ ಇದ್ದರೆ, ಅಥವಾ ಅಲ್ಲಿ ಮ್ಯಾನ್‌ಹೋಲೇ ಇಲ್ಲದಿದ್ದರೆ, ಪಿಟ್ ಮಾಡಿ ಪಂಪ್ ಹಾಕಿ ಎತ್ತಬೇಕು. ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಹಾಗಾಗಿ ನೀರು, ವೈರು ಎರಡನ್ನೂ ಬಿಟ್ಟುಕೊಡಿ, ಯುಜಿಡಿ ಒಂದನ್ನು ಗಟ್ಟಿಯಾಗಿ ಹಿಡಿಯಿರಿ. ಮೊದಲು ಲೆವೆಲ್ ಟ್ಯೂಬ್ ಹಿಡಿದು ಗಲ್ಲಿಯ ಮಟ್ಟ ಅಳೆಸಿ, ಬರೀ ಕಣ್ಣಂದಾಜು ನಂಬಬೇಡಿ.

ಕೋರ್ಟ್ ಓಡಾಟ:

ಆ ಪೇಪರಿಗೆ ದಯವಿಟ್ಟು ಸಹಿ ಹಾಕಬೇಡಿ. ಬ್ರೋಕರ್ ಮಾತು ಕೇಳಬೇಡಿ. "ನಿಮ್ಮ ಅನುಮತಿಯಿಂದ" ಅಂತ ಒಮ್ಮೆ ಬರೆದುಕೊಟ್ಟರೆ ನಿಮ್ಮದು ಹಕ್ಕಲ್ಲ, ಅವರು ಕೊಟ್ಟ ಪರವಾನಗಿ ಅಂತ ನೀವೇ ಒಪ್ಪಿಕೊಂಡ ಹಾಗೆ. ಮುಂದೆ ಯಾವ ಕೋರ್ಟಿಗೆ ಹೋದರೂ ಅವರ ಲಾಯರ್ ಮೊದಲು ತೋರಿಸುವುದು ಅದನ್ನೇ.

ಇಂಥ ವಿಷಯಕ್ಕೆ, ಅಂದರೆ ನಮ್ಮ ಜಾಗದ ಅನುಕೂಲಕ್ಕೆ ಬೇರೆಯವರ ಜಾಗ ಬಳಸುವ ಹಕ್ಕಿಗೆ (ಈಸ್‌ಮೆಂಟ್), 1882ರ ಈಸ್‌ಮೆಂಟ್ ಕಾಯ್ದೆ ಇದೆ, ಇವತ್ತಿಗೂ ಅದೇ ಜಾರಿಯಲ್ಲಿದೆ. ಜನ ಹೇಳುವ "20 ವರ್ಷ ಬಳಸಿದರೆ ಹಕ್ಕು" ಅದರ 15ನೇ ಸೆಕ್ಷನ್. ಅದು ನಿಮಗೆ ಆಗುವುದಿಲ್ಲ. 2009ಕ್ಕೆ ಮೊದಲು ಎರಡೂ ಒಬ್ಬರದೇ ಜಾಗ, ತಮ್ಮ ಜಾಗದ ಮೇಲೆ ತಮಗೇ ಈಸ್‌ಮೆಂಟ್ ಅನ್ನುವುದು ಇರುವುದಿಲ್ಲ. ಮಾರಿದ ಮೇಲಿಂದ ಲೆಕ್ಕ ಹಿಡಿದರೆ ಇನ್ನೂ 20 ತುಂಬಿಲ್ಲ.

ನಿಮಗೆ ಬೇಕಾದದ್ದು 13ನೇ ಸೆಕ್ಷನ್. ಒಬ್ಬರೇ ಯಜಮಾನರು ಜಾಗ ಒಡೆದು ಒಂದು ಭಾಗ ಮಾರಿ ಇನ್ನೊಂದು ಇಟ್ಟುಕೊಂಡಾಗ ಏನಾಗುತ್ತದೆ ಅನ್ನುವುದೇ ಅದು. ಅಕ್ಕಪಕ್ಕದ ಎರಡು ಕಟ್ಟಡಗಳಲ್ಲಿ ಒಂದನ್ನು ಮಾರಿದರೆ ಎರಡಕ್ಕೂ ಸೇರಿದ ಚರಂಡಿಯ ಮೇಲೆ ಕೊಂಡವರಿಗೂ ಹಕ್ಕಿದೆ, ಮಾರಿದವರಿಗೂ ಹಕ್ಕಿದೆ, ಮಾರುವಾಗ ಹೇಗೆ ಬಳಸುತ್ತಿದ್ದರೋ ಹಾಗೆ. ಇದು ಕಾಯ್ದೆಯೊಳಗೇ ಉದಾಹರಣೆಯಾಗಿ ಬರೆದಿರುವ ಮಾತು. ಪೈಪು ನೆಲದಡಿ ಇದೆ, ನನಗೆ ಕಾಣಲೇ ಇಲ್ಲ ಅಂತ ಅವರು ಹೇಳಬಹುದು. ಆದರೆ ತಿಳಿದವರು ಸರಿಯಾಗಿ ನೋಡಿದರೆ ಗೊತ್ತಾಗುವ ಶಾಶ್ವತ ಗುರುತು ಇದ್ದರೆ ಸಾಕು. ಆ ಚೇಂಬರ್ ಮುಚ್ಚಳವೇ ಗುರುತು. ಕುಂಡ ಇಟ್ಟಿರುವ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಮನೆಯ ಹಕ್ಕು ಜಾಗದ ಜೊತೆಗೇ ನಿಮಗೆ ಬರುತ್ತದೆ, ಹಳೆಯವರಿಗೆ ಮಾತ್ರ ಅನ್ನುವ ಮಾತು ನಿಲ್ಲುವುದಿಲ್ಲ.

ಇದೆಲ್ಲ ನಿಂತಿರುವುದು ಒಂದು ಪ್ರಶ್ನೆಯ ಮೇಲೆ. ಪೈಪ್ ಹಾಕಿದ್ದು 2009ಕ್ಕೆ ಮೊದಲೋ ಆಮೇಲೋ? ಬೆಂಗಳೂರಿನ ಹೊರಭಾಗದಲ್ಲಿ ಅನೇಕ ಕಡೆ ಯುಜಿಡಿ ತಡವಾಗಿ ಬಂದದ್ದು. ಮಾರಿದ ಮೇಲೆ ಅವರನ್ನು ಕೇಳಿಕೊಂಡು ಹಾಕಿದ್ದಾದರೆ ನಿಮ್ಮ ಕೈ ಸಡಿಲ. ಹಳೇ ಬಿಲ್, ಸಂಪರ್ಕ ಮಂಜೂರಾದ ಪತ್ರ ಹುಡುಕಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮುಂದಿನ ಮನೆಯ 2009ರ ಕ್ರಯಪತ್ರದ ದೃಢೀಕೃತ ನಕಲು ತೆಗೆಸಿ. ಅದರಲ್ಲಿ ಪೈಪಿನ ಹಕ್ಕು ಬಿಟ್ಟುಕೊಟ್ಟಂತೆ ಏನಾದರೂ ಬರೆದಿದೆಯಾ ಅಂತ ಶೆಡ್ಯೂಲ್ ಸಮೇತ ಓದಿ.

ವೈರಿನ ವಿಷಯದಲ್ಲಿ ಅವರ ಮಾತಿಗೆ ತೂಕ ಇದೆ. ಚಪ್ಪಟೆ ತಾರಸಿಯಿಂದ ವೈರು ಕನಿಷ್ಠ 2.5 ಮೀಟರ್ ಎತ್ತರ ಇರಬೇಕು ಅಂತ ನಿಯಮ. ಇನ್ನೊಂದು ಫ್ಲೋರ್ ಕಟ್ಟಿದರೆ ಅದು ಉಳಿಯುವುದಿಲ್ಲ. ಬಿಟ್ಟುಕೊಡಿ.

ಹಿಂಬದಿ ಸೈಟು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್, ಸಹಿ ಹಾಕಿಲ್ಲ. ಹಳೇ ಯಜಮಾನರ ಫೈಲಿನಲ್ಲಿ ಯುಜಿಡಿ ಸಂಪರ್ಕದ ಪತ್ರ ಸಿಕ್ಕಿತು, 2006ರದ್ದು, ಮುಂದಿನ ರಸ್ತೆಯ ಹೆಸರೇ ಇದೆ. ಗಲ್ಲಿಯಲ್ಲಿ ಕಂಬವೂ ಇದೆ, ನೀರಿನ ಲೈನೂ ಇದೆ. ಮ್ಯಾನ್‌ಹೋಲ್ ಇಲ್ಲ, ಅಳೆಸಿದರೆ ಗಲ್ಲಿ ಮೂರು ಅಡಿ ಎತ್ತರ. ಈಗ ಅವರು ಊರಿಗೆ ಹೋದಾಗ ನಾವೇ ಕುಂಡ ಸರಿಸಿ ಚೇಂಬರ್ ಕ್ಲೀನ್ ಮಾಡಿಸಿದರೆ ತಪ್ಪಾ?

ಕೋರ್ಟ್ ಓಡಾಟ:

ಬೇಡವೇ ಬೇಡ. ರಿಪೇರಿಗೆ ಒಳಗೆ ಹೋಗುವ ಹಕ್ಕನ್ನು 24ನೇ ಸೆಕ್ಷನ್ ಕೊಡುತ್ತದೆ ನಿಜ, ಅಗೆದರೆ ನೆಲವನ್ನು ಮೊದಲಿದ್ದ ಹಾಗೆ ಮಾಡಿಕೊಡಬೇಕು, ಖರ್ಚೂ ನಿಮ್ಮದೇ. ಆದರೆ ಅವರಿಲ್ಲದಾಗ ಕಾಂಪೌಂಡ್ ಹಾರಿದರೆ ವಿಷಯ ಪೈಪಿನದ್ದಾಗಿ ಉಳಿಯುವುದಿಲ್ಲ, ಅತಿಕ್ರಮ ಪ್ರವೇಶ ಅಂತ ದೂರು ಕೊಡುತ್ತಾರೆ. ಲಾಯರ್ ಕಡೆಯಿಂದ ಒಂದು ನೋಟಿಸ್ ಕಳಿಸಿ, ಬೈಗುಳ ಬೆದರಿಕೆ ಇಲ್ಲದೆ, 2006ರ ಪತ್ರದ ನಕಲು ಸೇರಿಸಿ. ಬಗ್ಗದಿದ್ದರೆ ಸಿವಿಲ್ ಕೋರ್ಟಿನಲ್ಲಿ ಇಂಜಂಕ್ಷನ್ (ತಡೆಯಾಜ್ಞೆ) ದಾವೆ, ಜೊತೆಗೇ ತಾತ್ಕಾಲಿಕ ಆದೇಶಕ್ಕೆ ಅರ್ಜಿ. ಮನೆಯೊಳಗೆ ಕೊಳಚೆ ನುಗ್ಗುತ್ತಿರುವುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸಿ. ಜಾಗ ನೋಡಿ ವರದಿ ಕೊಡಲು ಕೋರ್ಟ್ ಕಮಿಷನರ್ ಕೇಳಬಹುದು. ಕೇಸು ಹಾಕುವ ಮೊದಲೇ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಇಬ್ಬರನ್ನೂ ಕೂರಿಸಿ ಮಾತಾಡಿಸುವ ದಾರಿಯೂ ಇದೆ. ನಾನಾಗಿದ್ದರೆ ಮೊದಲು ಅದನ್ನೇ ನೋಡುತ್ತಿದ್ದೆ.

ಇನ್ನೊಂದು ಮುಖ್ಯ ಮಾತು. ಈ ಹಕ್ಕು ಹಳೇ ಮನೆಯ ಬಳಕೆಗೆ. ನಾಲ್ಕು ಫ್ಲೋರ್ ಎತ್ತಿ ಬಾಡಿಗೆಗೆ ಕೊಟ್ಟು ಅಷ್ಟನ್ನೂ ಅದೇ ಪೈಪಿಗೆ ಬಿಡುತ್ತೇವೆ ಅಂದರೆ ಆಗುವುದಿಲ್ಲ. ಕಟ್ಟಡ ಬೆಳೆಸಿ ಹೊರೆ ಜಾಸ್ತಿ ಮಾಡಬಾರದು ಅಂತ 29ನೇ ಸೆಕ್ಷನ್ ಹೇಳುತ್ತದೆ. ಹೊಸ ಮನೆಯಿಂದ ಹೊರೆ ಹಾಗೆ ಜಾಸ್ತಿಯಾಗುವುದಾದರೆ ಅವರ ಒಪ್ಪಿಗೆ ಬೇಕೇ ಬೇಕು. ಅದಕ್ಕೇ ಈಗಿನಿಂದ ಮಾತು ಕೆಡಿಸಿಕೊಳ್ಳಬೇಡಿ.

ಮುಂಬದಿ ಮನೆ:

ನಾನು ಆ ಕಡೆಯವನು. ಬನಶಂಕರಿಯಲ್ಲಿ ನಮ್ಮ ಜಾಗದೊಳಗೆ ಹಿಂದಿನ ಮನೆಯವರ ಪೈಪು ಹೋಗುತ್ತದೆ. ಹೇಳದೆ ಕೇಳದೆ ಬರುವುದು, ಟೈಲ್ಸ್ ಒಡೆದು ಸಿಮೆಂಟ್ ಮೆತ್ತಿ ಹೋಗುವುದು, ಚೇಂಬರಿನಿಂದ ತೆಗೆದ ಗಲೀಜನ್ನು ಅಲ್ಲೇ ಗೋಡೆ ಪಕ್ಕ ಬಿಡುವುದು. ಇದೇ ನಮಗೆ ಬೇಸರ ತಂದದ್ದು, ಪೈಪಲ್ಲ. ನಿಮ್ಮ ಮುಂದಿನ ಮನೆಯವರಿಗೂ ಇಂಥದ್ದೇ ಏನಾದರೂ ಇರಬಹುದು, ಒಮ್ಮೆ ಕೂತು ಕೇಳಿ.

ನಾವು ಕೊನೆಗೆ ಒಪ್ಪಂದ ಮಾಡಿಕೊಂಡೆವು. ಪೈಪು ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಅಂತ ಅಳತೆ ಹಾಕಿದ ನಕ್ಷೆ ಅದರಲ್ಲಿದೆ. ಕೆಲಸ ಇದ್ದರೆ ಹಿಂದಿನ ದಿನ ಹೇಳಬೇಕು, ಹಗಲು ಹೊತ್ತೇ ಮಾಡಬೇಕು, ತೆಗೆದ ಟೈಲ್ಸ್ ಅದೇ ಥರದ್ದು ಹಾಕಬೇಕು, ಗಲೀಜು ಅವತ್ತೇ ಸಾಗಿಸಬೇಕು. ಅವರ ಖರ್ಚಿನಲ್ಲೇ ಹಳೇ ಪೈಪ್ ತೆಗೆದು ಆರು ಇಂಚಿನದು ಹಾಕಿದರು, ಹೊಸ ಚೇಂಬರಿಗೆ ವಾಸನೆ ಬರದ ಮುಚ್ಚಳ ಹಾಕಿಸಿದರು. ಮುಂದೆ ಯಾರು ಕೊಂಡರೂ ಇಬ್ಬರಿಗೂ ಅನ್ವಯ ಅಂತ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆವು. ಬರೀ ಸ್ಟಾಂಪ್ ಪೇಪರ್ ಮೇಲೆ ಬರೆದಿಟ್ಟರೆ ಇಂಥ ಹಕ್ಕಿಗೆ ಬಲ ಇರುವುದಿಲ್ಲ. ನಮ್ಮ ಮನೆ ಮೇಲೆ ಸಾಲ ಇತ್ತು, ಹಾಗಾಗಿ ಬ್ಯಾಂಕಿನ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಂಡೆವು. ನಿಮ್ಮವರ ಮನೆ ಮೇಲೂ ಸಾಲ ಇದೆಯಾ ಅಂತ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ನೋಡಿ.

ವೈರು ತೆಗೆಸುವ ಅರ್ಜಿಯನ್ನು ಮೊದಲು ಕೊಟ್ಟುಬಿಡಿ, ಅದರ ರಸೀದಿ ಹಿಡಿದುಕೊಂಡೇ ಅವರ ಮನೆಗೆ ಹೋಗಿ ಯುಜಿಡಿ ಮಾತು ತೆಗೆಯಿರಿ.